ಬಾನಿನಲ್ಲಿ ಬೇರೆಯವರೂ ಇದ್ದರೆ ಮನುಷ್ಯನ ಸ್ಥಾನವೇನು?

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ನಡೆದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ನಮ್ಮ ಇಂತಹ ಸಭೆಗಳಲ್ಲಿ ಚರ್ಚೆಯಾಗುವ ವಿಷಯಗಳು ಎಲ್ಲರಿಗೂ ತಿಳಿದಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶ, ವಿದ್ಯಾರ್ಥಿ ವೇತನ, ಅರ್ಧದಲ್ಲೇ ಶಾಲೆ ಬಿಡುವ ಮಕ್ಕಳು, ಹೆಣ್ಣುಮಕ್ಕಳ ಉನ್ನತ ಶಿಕ್ಷಣ. ಇವೆಲ್ಲವೂ ಅಗತ್ಯವಾದ ವಿಷಯಗಳೇ. ನಾನು ಮಾತ್ರ ಇಂದು ನೆಲದ ವಿಷಯ ಬಿಟ್ಟು ಆಕಾಶದ ವಿಷಯ ಎತ್ತಿಕೊಂಡಿದ್ದೇನೆ. "ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಇದೇಕೆ?" ಎಂದು ನಿಮಗೆ ಅನ್ನಿಸಬಹುದು. ಇದಕ್ಕೆ ಕಾರಣ ಒಬ್ಬ ವಿದ್ಯಾರ್ಥಿ. ಅವನಿಗೆ ನಾನು ಒಂದು ಉತ್ತರ ಬಾಕಿ ಇದ್ದೇನೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ದೂರದ ನಕ್ಷತ್ರಗಳ ಸುತ್ತ ಭೂಮಿಯಂತಹ ಗ್ರಹಗಳು ಪತ್ತೆಯಾಗುತ್ತಿವೆ ಎಂದು ಅವನು ಪತ್ರಿಕೆಯಲ್ಲಿ ಓದಿದ್ದ. "ಸರ್, ಅಲ್ಲೆಲ್ಲ ನಮಗಿಂತ ಬುದ್ಧಿವಂತರು ಇದ್ದರೆ, ಅಲ್ಲಾಹನಿಗೆ ನಾವು ಬೇಡವಾಗಿಬಿಡುತ್ತೇವಾ?" ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಾನು, "ಇದು ಕನ್ನಡದ ಪೀರಿಯಡ್, ವಿಜ್ಞಾನದ ಮೇಷ್ಟ್ರನ್ನು ಕೇಳು" ಎಂದೆ. ಅವನು ಮೆಲ್ಲಗೆ ಹೇಳಿದ: "ಕೇಳಿದೆ ಸರ್. ಅದು ಧರ್ಮದ ಪ್ರಶ್ನೆ, ಮದ್ರಸಾದಲ್ಲಿ ಕೇಳು ಅಂದರು. ಮದ್ರಸಾದಲ್ಲಿ ಹಜರತರು, ಅದು ಸ್ಕೂಲಿನ ಪ್ರಶ್ನೆ, ಅಲ್ಲೇ ಕೇಳು ಅಂದರು." ಪರೀಕ್ಷೆ ಹತ್ತಿರವಿತ್ತು, ಪಾಠ ಬಹಳ ಉಳಿದಿತ್ತು. "ಕೂತ್ಕೋ" ಎಂದೆ. ಅವನು ಕೂತ. ಆ ವರ್ಷವಿಡೀ ಅವನು ನನ್ನ ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಅವನು ಕೇಳಿದ್ದು ನಕ್ಷತ್ರಗಳ ಬಗ್ಗೆ ಅಲ್ಲ, ತನ್ನ ಬಗ್ಗೆ ಎಂದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಇಷ್ಟು ದೊಡ್ಡ ವಿಶ್ವದಲ್ಲಿ ನನಗೊಂದು ಬೆಲೆ ಇದೆಯೇ ಎಂಬುದು ಅವನ ಪ್ರಶ್ನೆಯಾಗಿತ್ತು. ಈಗ ಅವನು ಪಿಯುಸಿ ಓದುತ್ತಿದ್ದಾನೆ. ಇಂದು ಈ ಸಭಾಂಗಣದಲ್ಲಿ ಇದ್ದರೂ ಇರಬಹುದು. ನನ್ನ ಇಂದಿನ ಮಾತು ಅವನಿಗೆ ಕೊಡುವ ತಡವಾದ ಉತ್ತರ.

ಎಷ್ಟು ದೊಡ್ಡದು ಈ ಬಾನು?

ಮೊದಲು ವಿಜ್ಞಾನ ಏನು ಹೇಳುತ್ತದೆ ನೋಡೋಣ. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಚಂದ್ರನಿಂದ ನಮ್ಮಲ್ಲಿಗೆ ಬರಲು ಅದಕ್ಕೆ ಸುಮಾರು ಒಂದೂಕಾಲು ಸೆಕೆಂಡು ಸಾಕು. ಸೂರ್ಯನಿಂದ ಬರಲು 8 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯಿಂದ ಬರಲು 4 ವರ್ಷಕ್ಕಿಂತ ಹೆಚ್ಚು ಬೇಕು. ನಮ್ಮ ರೈತರು ರೋಹಿಣಿ ಮಳೆ ಎನ್ನುತ್ತಾರಲ್ಲ, ಆ ರೋಹಿಣಿ ನಕ್ಷತ್ರದ ಬೆಳಕು ನಮ್ಮನ್ನು ತಲುಪಲು ಸುಮಾರು 65 ವರ್ಷ ಬೇಕು. ಅಂದರೆ ನೀವು ನೋಡುವ ರೋಹಿಣಿಯ ಬೆಳಕು ಅಲ್ಲಿಂದ ಹೊರಟಾಗ ನಿಮ್ಮ ಅಜ್ಜ ಇನ್ನೂ ಹುಡುಗರಾಗಿದ್ದರು. ಇದೇ ರೋಹಿಣಿಯನ್ನು ಅರಬರು ಅದ್ದಬರಾನ್ ಎಂದರು. ಹಿಂಬಾಲಿಸುವವನು ಎಂದು ಅದರ ಅರ್ಥ, ಏಕೆಂದರೆ ಅದು ಆಕಾಶದಲ್ಲಿ ಕೃತ್ತಿಕೆಯ ಹಿಂದೆ ಹಿಂದೆಯೇ ಸಾಗುತ್ತದೆ. ಯುರೋಪಿನವರು ಅರಬರಿಂದ ಆ ಹೆಸರು ಪಡೆದು ಇಂದಿಗೂ ಅಲ್ಡೆಬರಾನ್ ಎನ್ನುತ್ತಾರೆ.

ನಮ್ಮ ಆಕಾಶಗಂಗೆಯ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಅದರಲ್ಲಿ ಕನಿಷ್ಠ 10,000 ಕೋಟಿ ನಕ್ಷತ್ರಗಳಿವೆ ಎಂದು ಖಗೋಳ ವಿಜ್ಞಾನಿಗಳ ಅಂದಾಜು. ಇಂತಹ ನಕ್ಷತ್ರ ಮಂಡಲಗಳು ಇನ್ನೂ ಸಾವಿರಾರು ಕೋಟಿ ಇವೆ. ಅವುಗಳಲ್ಲಿ ನಮಗೆ ಸಮೀಪದ ದೊಡ್ಡ ಮಂಡಲವಾದ ಆಂಡ್ರೊಮೆಡಾ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅದನ್ನು ಗುರುತಿಸಿ, ಸಣ್ಣ ಮೋಡದಂತಹ ಕಲೆ ಎಂದು ಗ್ರಂಥದಲ್ಲಿ ದಾಖಲಿಸಿದವರು ಅಬ್ದುರ್ರಹ್ಮಾನ್ ಅಸ್ಸೂಫಿ. ಕ್ರಿ.ಶ. 964ರಲ್ಲಿ, ದೂರದರ್ಶಕವೇ ಇಲ್ಲದ ಕಾಲದಲ್ಲಿ, ಬರಿಗಣ್ಣಿನಿಂದ ನೋಡಿ ಬರೆದದ್ದು ಅದು.

ಇನ್ನು ಗ್ರಹಗಳ ವಿಷಯ. ಬೇರೆ ಸೂರ್ಯರ ಸುತ್ತ ಗ್ರಹಗಳಿವೆಯೇ ಎಂಬುದು ಬಹುಕಾಲ ಬರೀ ಊಹೆಯಾಗಿತ್ತು. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋಜ್ ಎಂಬ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ನಮ್ಮ ಸೂರ್ಯನನ್ನು ಹೋಲುವ ನಕ್ಷತ್ರವೊಂದರ ಸುತ್ತ ಗ್ರಹ ಇರುವುದನ್ನು ತೋರಿಸಿಕೊಟ್ಟರು. ಈ ಕೆಲಸಕ್ಕಾಗಿ 2019ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕವೊಂದೇ ತನ್ನ ಒಂಬತ್ತು ವರ್ಷಗಳ ಸೇವೆಯಲ್ಲಿ 2,600ಕ್ಕೂ ಹೆಚ್ಚು ಗ್ರಹಗಳನ್ನು ಪತ್ತೆಹಚ್ಚಲು ನೆರವಾಯಿತು. 2025ರ ಸೆಪ್ಟೆಂಬರಿನಲ್ಲಿ ಒಟ್ಟು ಸಂಖ್ಯೆ 6,000 ದಾಟಿತು. ನಾವು ಹುಡುಕಿರುವುದು ಆಕಾಶದ ಒಂದು ಮೂಲೆಯನ್ನಷ್ಟೇ ಎಂಬುದನ್ನು ಮರೆಯಬಾರದು.

ಹಾಗಾದರೆ ಅಲ್ಲಿ ಯಾರಾದರೂ ಇದ್ದಾರೆಯೇ? 1960ರಲ್ಲಿ ಫ್ರಾಂಕ್ ಡ್ರೇಕ್ ಎಂಬ ಅಮೆರಿಕದ ವಿಜ್ಞಾನಿ ರೇಡಿಯೋ ದೂರದರ್ಶಕವನ್ನು ಎರಡು ನಕ್ಷತ್ರಗಳತ್ತ ತಿರುಗಿಸಿ, ಯಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಕಿವಿಗೊಟ್ಟ. ಅಂದಿನಿಂದ ಇಂದಿನವರೆಗೆ ಆ ಕಿವಿ ತೆರೆದೇ ಇದೆ. 1977ರ ಆಗಸ್ಟ್ 15ರಂದು ಅಮೆರಿಕದ ಒಹಾಯೋದಲ್ಲಿ ಒಂದು ಬಲವಾದ ಸಂಕೇತ 72 ಸೆಕೆಂಡುಗಳ ಕಾಲ ಬಂತು. ಆಮೇಲೆ ಎಷ್ಟು ಹುಡುಕಿದರೂ ಅದು ಮತ್ತೆ ಬರಲಿಲ್ಲ. ಬೇರೆ ಲೋಕದ ಬುದ್ಧಿಜೀವಿಗಳಿಂದ ಬಂದದ್ದು ಎಂದು ಸಾಬೀತಾದ ಒಂದು ಸಂದೇಶವೂ ಇಂದಿನವರೆಗೆ ನಮಗೆ ದೊರೆತಿಲ್ಲ.

ಆದರೆ ಇಷ್ಟರಿಂದ ಅಲ್ಲಿ ಯಾರೂ ಇಲ್ಲ ಎಂದು ಹೇಳುವಂತಿಲ್ಲ. ಮನುಷ್ಯನು ರೇಡಿಯೋ ಕಲಿತು ನೂರು ಚಿಲ್ಲರೆ ವರ್ಷಗಳಾದವು. ನಮ್ಮ ದನಿ ಹೋಗಿರುವುದೂ ಅಷ್ಟೇ ಜ್ಯೋತಿರ್ವರ್ಷ ದೂರ. 1 ಲಕ್ಷ ಜ್ಯೋತಿರ್ವರ್ಷ ಅಗಲದ ಊರಿನಲ್ಲಿ ನಾವು ಪಕ್ಕದ ಮನೆಯ ಬಾಗಿಲನ್ನೂ ಸರಿಯಾಗಿ ತಟ್ಟಿಲ್ಲ. ಹಾಗಾಗಿ ಇದ್ದಾರೆ ಎನ್ನುವವರೂ ಇಲ್ಲ ಎನ್ನುವವರೂ ಸದ್ಯಕ್ಕೆ ಅವಸರ ಮಾಡಬಾರದು.

ಅವಸರ ಬೇಡ

ಅವಸರದ ಮಾತು ಬಂದಿತು, ಒಂದು ಉದಾಹರಣೆ ಕೊಡುತ್ತೇನೆ. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಒಂದು ತಂಡವು ಕೆ2-18ಬಿ ಎಂಬ ಗ್ರಹದ ಬಗ್ಗೆ ಪ್ರಕಟಣೆ ನೀಡಿತು. ತಂಡದ ಮುಂದಾಳು ಭಾರತದಲ್ಲಿ ಹುಟ್ಟಿದ ನಿಕ್ಕು ಮಧುಸೂದನ್. ಗ್ರಹವು 124 ಜ್ಯೋತಿರ್ವರ್ಷ ದೂರದಲ್ಲಿದೆ. ನಮ್ಮ ಸಮುದ್ರದಲ್ಲಿ ಮುಖ್ಯವಾಗಿ ಸೂಕ್ಷ್ಮ ಜೀವಿಗಳು ಉತ್ಪಾದಿಸುವ ಒಂದು ಅನಿಲದ ಸುಳಿವು ಅಲ್ಲಿ ಕಂಡಂತಿದೆ ಎಂದು ತಂಡ ಹೇಳಿತು. ಅದು ಸಾಬೀತಾಗಿದೆ ಎಂದು ಹೇಳಲಿಲ್ಲ. ಅದೇ ಅಂಕಿಅಂಶಗಳನ್ನು ಪರಿಶೀಲಿಸಿದ ಬೇರೆ ವಿಜ್ಞಾನಿಗಳು, ಸಾಕ್ಷ್ಯ ಸಾಲದು ಎಂದರು. ವಿಜ್ಞಾನ ನಡೆಯುವುದೇ ಹೀಗೆ. ಒಬ್ಬರು ಹೇಳುತ್ತಾರೆ, ಹತ್ತು ಜನ ಪರೀಕ್ಷಿಸುತ್ತಾರೆ.

ನಮ್ಮ ಮೊಬೈಲುಗಳಲ್ಲಿ ಇಂತಹ ಸುದ್ದಿಯ ಗತಿ ಏನಾಗುತ್ತದೆ? ಬೇರೆ ಲೋಕದಲ್ಲಿ ಜೀವಿಗಳು ಸಿಕ್ಕಿಬಿಟ್ಟರು ಎಂದು ಒಬ್ಬರು ಕಳಿಸುತ್ತಾರೆ. ಇದನ್ನು ನಮ್ಮ ಗ್ರಂಥ 1400 ವರ್ಷಗಳ ಹಿಂದೆಯೇ ಹೇಳಿತ್ತು ಎಂದು ಇನ್ನೊಬ್ಬರು ಸೇರಿಸುತ್ತಾರೆ. ಎರಡೂ ಅವಸರವೇ. ನಾಳೆ ಆ ಸುದ್ದಿ ತಪ್ಪೆಂದು ತಿಳಿದರೆ, ಅದನ್ನು ಗ್ರಂಥದ ಜೊತೆ ಗಂಟು ಹಾಕಿದ ನಮ್ಮ ಹುಡುಗನ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಯೋಚಿಸಿದ್ದೇವೆಯೇ? ಸುದ್ದಿ ಬಂದಾಗ ಮೊದಲು ವಿಚಾರಿಸಿ ನೋಡಬೇಕು ಎಂಬ ಆದೇಶ ಸೂರ ಅಲ್ ಹುಜುರಾತ್‌ನ 6ನೇ ಸೂಕ್ತದಲ್ಲಿದೆ. ಅದು ಮೊಬೈಲಿಗೂ ಅನ್ವಯಿಸುತ್ತದೆ.

ಮನುಷ್ಯ ಕೆಳಗಿಳಿದನೇ?

ಈಗ ಹುಡುಗನ ಪ್ರಶ್ನೆಗೆ ಬರೋಣ. ಭೂಮಿಯೇ ವಿಶ್ವದ ನಡುಮಧ್ಯ ಎಂದು ಜಗತ್ತು ಬಹುಕಾಲ ನಂಬಿತ್ತು. 1543ರಲ್ಲಿ ಕೊಪರ್ನಿಕಸ್‌ನ ಗ್ರಂಥ ಹೊರಬಂದು ಭೂಮಿಯನ್ನು ಆ ಜಾಗದಿಂದ ಕದಲಿಸಿತು. ಇದಕ್ಕೆ ಸುಮಾರು ಇನ್ನೂರು ವರ್ಷ ಮೊದಲು ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ನಮಾಜಿನ ವೇಳೆ ಲೆಕ್ಕ ಹಾಕುತ್ತಿದ್ದ ಇಬ್ನ್ ಅಶ್ಶಾತಿರ್ ಚಂದ್ರನ ಚಲನೆಗೆ ರೂಪಿಸಿದ ಗಣಿತವೇ ಕೊಪರ್ನಿಕಸ್‌ನ ಗ್ರಂಥದಲ್ಲೂ ಇದೆ ಎಂಬುದನ್ನು ಇತಿಹಾಸಕಾರರು ತೋರಿಸಿದ್ದಾರೆ. ಆಮೇಲೆ ಸೂರ್ಯನೂ ಮಧ್ಯದಲ್ಲಿಲ್ಲ, ಆಕಾಶಗಂಗೆಯ ಒಂದು ಬದಿಯಲ್ಲಿದ್ದಾನೆ ಎಂದು ತಿಳಿಯಿತು. ನಮ್ಮ ಆಕಾಶಗಂಗೆಯೂ ಅನೇಕದಲ್ಲಿ ಒಂದು ಎಂದು ತಿಳಿಯಿತು. ಪ್ರತಿ ಸಲವೂ "ಮನುಷ್ಯನ ಸ್ಥಾನ ಹೋಯಿತು" ಎಂದು ಕೆಲವರು ಮರುಗಿದರು. ನಾಳೆ ಬೇರೆ ಬುದ್ಧಿಜೀವಿಗಳು ಸಿಕ್ಕರೆ ಇದೇ ಮಾತು ಮತ್ತೊಮ್ಮೆ ಕೇಳಿಬರುತ್ತದೆ.

ಆದರೆ ನಾವು ಕೇಳಬೇಕಾದದ್ದು ಬೇರೆ. ನಮ್ಮ ಗೌರವ ಜಾಗದಿಂದ ಬಂದಿತ್ತೇ? ನಾವು ಒಬ್ಬರೇ ಇದ್ದೇವೆ ಎಂಬುದರಿಂದ ಬಂದಿತ್ತೇ?

ನಾನು ಆಲಿಮ್ ಅಲ್ಲ, ಒಬ್ಬ ಶಾಲಾ ಶಿಕ್ಷಕ. ವೇದಿಕೆಯಲ್ಲಿ ಉಲಮಾಗಳಿದ್ದಾರೆ, ತಪ್ಪಿದ್ದರೆ ತಿದ್ದಲಿ. ಓದಿದಷ್ಟರಲ್ಲಿ ನನಗೆ ಕಂಡದ್ದನ್ನು ಹೇಳುತ್ತೇನೆ. ನಾವು ಪ್ರತಿ ನಮಾಜಿನಲ್ಲೂ ಅಲ್ಲಾಹನನ್ನು ರಬ್ಬುಲ್ ಆಲಮೀನ್ ಎಂದು ಸ್ಮರಿಸುತ್ತೇವೆ. ಆಲಮ್ ಅಂದರೆ ಲೋಕ, ಆಲಮೀನ್ ಅಂದರೆ ಲೋಕಗಳು. ಅದು ಬಹುವಚನ. ಸುಮಾರು ಎಂಟುನೂರು ವರ್ಷಗಳ ಹಿಂದೆ ಬಾಳಿದ ಇಮಾಮ್ ಫಖ್ರುದ್ದೀನ್ ರಾಝಿ ಈ ಪದವನ್ನು ವಿವರಿಸುತ್ತಾ, ಈ ಲೋಕದ ಆಚೆಗೆ ಸಾವಿರ ಸಾವಿರ ಲೋಕಗಳನ್ನು ಸೃಷ್ಟಿಸಲು ಅಲ್ಲಾಹನು ಶಕ್ತನು ಎಂಬ ವಿಚಾರವನ್ನು ಎತ್ತಿದ್ದಾರೆ. ಸೂರ ಅಶ್ಶೂರಾದ 29ನೇ ಸೂಕ್ತವು ಆಕಾಶಗಳಲ್ಲಿಯೂ ಭೂಮಿಯಲ್ಲಿಯೂ ಅವನು ಹರಡಿರುವ ಜೀವಿಗಳ ಕುರಿತು ಹೇಳುತ್ತದೆ. ಹಿಂದಿನ ವ್ಯಾಖ್ಯಾನಕಾರರಲ್ಲಿ ಕೆಲವರು ಅಲ್ಲಿ ಫರಿಶ್ತೆಗಳನ್ನೂ ಸೇರಿಸಿ ಅರ್ಥ ಮಾಡಿದ್ದಾರೆ. 1930ರ ದಶಕದಲ್ಲಿ ಕುರ್‌ಆನನ್ನು ಇಂಗ್ಲಿಷಿಗೆ ಅನುವಾದಿಸಿದ ಅಬ್ದುಲ್ಲಾ ಯೂಸುಫ್ ಅಲಿ, ಬೇರೆ ಆಕಾಶಕಾಯಗಳಲ್ಲೂ ಜೀವ ಹರಡಿರಬಹುದೆಂದು ಭಾವಿಸುವುದು ಯುಕ್ತ ಎಂದು ಟಿಪ್ಪಣಿ ಬರೆದರು. ಎರಡು ಅಭಿಪ್ರಾಯಗಳೂ ನಮ್ಮ ಪರಂಪರೆಯೊಳಗೇ ಇವೆ. ಇವುಗಳಲ್ಲಿ ಯಾವುದನ್ನೂ ಅಂತಿಮ ತೀರ್ಮಾನವಾಗಿ ನಾನು ನಿಮ್ಮ ಮುಂದಿಡುತ್ತಿಲ್ಲ. ಬಾಗಿಲು ಮುಚ್ಚಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೂ ಒಂದು ಮುಖ್ಯ ವಿಷಯವಿದೆ. ಮನುಷ್ಯನಲ್ಲದ ಬುದ್ಧಿಜೀವಿಯ ಕಲ್ಪನೆ ಮುಸ್ಲಿಮರಿಗೆ ಹೊಸದಲ್ಲ. ಜಿನ್ನ್‌ಗಳು ನಮ್ಮಂತೆಯೇ ಒಳಿತು ಕೆಡುಕುಗಳ ಆಯ್ಕೆಯುಳ್ಳವರು, ಲೆಕ್ಕ ಒಪ್ಪಿಸಬೇಕಾದವರು ಎಂದು ನಂಬಿಕೊಂಡು ಬಂದವರು ನಾವು. ಅವರ ಹೆಸರಿನಲ್ಲಿ ಒಂದು ಅಧ್ಯಾಯವೇ ಇದೆ. ಜಿನ್ನ್‌ಗಳಿದ್ದಾರೆ ಎಂಬ ಕಾರಣಕ್ಕೆ ತನ್ನ ನಮಾಜಿಗೆ ಬೆಲೆ ಇಲ್ಲ ಎಂದು ಯಾವ ಮುಸ್ಲಿಮನೂ ಇಂದಿನವರೆಗೆ ದುಃಖಪಟ್ಟಿಲ್ಲ. ಹಾಗಿದ್ದ ಮೇಲೆ ಮತ್ತೊಂದು ಸೃಷ್ಟಿ ಇದ್ದರೆ ಏಕೆ ಹೆದರಬೇಕು?

ಸೂರ ಬನೀ ಇಸ್ರಾಈಲ್‌ನ 70ನೇ ಸೂಕ್ತದಲ್ಲಿ ಆದಮರ ಸಂತತಿಗೆ ಗೌರವ ನೀಡಿದ ವಿಷಯ ಬರುತ್ತದೆ. ನಮ್ಮ ಭಾಷಣಕಾರರು ಇದನ್ನು ಬಹಳ ಸಲ ಉಲ್ಲೇಖಿಸುತ್ತಾರೆ. ಆದರೆ ಅಲ್ಲಿರುವ ಒಂದು ಪದವನ್ನು ಗಮನಿಸಿ. ಸೃಷ್ಟಿಗಳಲ್ಲಿ ಎಲ್ಲರಿಗಿಂತ ಎಂದು ಅಲ್ಲಿ ಹೇಳಿಲ್ಲ. ಕಸೀರ್, ಅಂದರೆ ಅನೇಕರಿಗಿಂತ ಎಂದು ಹೇಳಿದೆ. ಸೂರ ಅಲ್ ಮುಅ್‌ಮಿನ್‌ನ 57ನೇ ಸೂಕ್ತದಲ್ಲಿ, ಆಕಾಶ ಭೂಮಿಗಳ ಸೃಷ್ಟಿಯು ಮಾನವರ ಸೃಷ್ಟಿಗಿಂತ ದೊಡ್ಡದು ಎಂಬ ಎಚ್ಚರಿಕೆಯಿದೆ. ಒಂದೇ ಗ್ರಂಥ ಒಂದು ಕಡೆ ಬೆನ್ನು ತಟ್ಟುತ್ತದೆ, ಇನ್ನೊಂದು ಕಡೆ ತಲೆ ತಗ್ಗಿಸಲು ಹೇಳುತ್ತದೆ. ಮನುಷ್ಯನಿಗೆ ಎರಡೂ ಬೇಕು.

ನನಗೆ ನಮ್ಮ ಮಸೀದಿಯ ಸಫ್ ನೆನಪಾಗುತ್ತದೆ. ಸುಬಹ್ ನಮಾಜಿಗೆ ಕೆಲವೊಮ್ಮೆ ನಾಲ್ಕೇ ಜನ ಇರುತ್ತಾರೆ. ಜುಮಾದ ದಿನ ಅಂಗಳದವರೆಗೂ ಸಾಲು ಬರುತ್ತದೆ. ಜನ ಹೆಚ್ಚಾದರು, ನನ್ನ ನಮಾಜಿನ ಬೆಲೆ ಹಂಚಿಹೋಯಿತು ಎಂದು ಯಾರಾದರೂ ಅಳುತ್ತಾರೆಯೇ? ಜನ ಹೆಚ್ಚಾದಷ್ಟೂ ಆ ಜಮಾಅತ್ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಅರ್ಥದ ಹದೀಸ್ ಅಬೂ ದಾವೂದ್ ಸಂಗ್ರಹದಲ್ಲಿದೆ. ಪಕ್ಕದಲ್ಲಿ ನಿಂತವರು ಯಾರೇ ಆಗಿರಲಿ, ನನ್ನ ಸಜ್ದಾ ನನ್ನದೇ. ಬಾನಿನ ಯಾವುದೋ ಮೂಲೆಯಲ್ಲಿ ನಮಗೆ ಕಾಣದ ಒಂದು ಸಾಲು ಇದ್ದರೆ, ಜಮಾಅತ್ ದೊಡ್ಡದಾಯಿತು ಎಂದುಕೊಳ್ಳೋಣ. ಮಗೂ, ಅಲ್ಲಾಹನಿಗೆ ನೀನು ಬೇಡವಾಗುವುದಿಲ್ಲ. ಕೋಟಿ ನಕ್ಷತ್ರಗಳ ಲೆಕ್ಕ ಇಡುವವನಿಗೆ ನಿನ್ನ ಲೆಕ್ಕ ತಪ್ಪಿಹೋಗುತ್ತದೆಯೇ?

ಗೌರವ ಎಲ್ಲಿಂದ ಬಂತು?

ಹಾಗಾದರೆ ಮನುಷ್ಯನ ಸ್ಥಾನ ಯಾವುದರ ಮೇಲೆ ನಿಂತಿದೆ? ಎರಡು ವಿಷಯಗಳ ಮೇಲೆ ಎಂದು ನನಗೆ ತೋರುತ್ತದೆ: ಒಂದು ಇಲ್ಮ್, ಇನ್ನೊಂದು ಅಮಾನತ್.

ಸೂರ ಅಲ್ ಬಕರದಲ್ಲಿ ಆದಮರ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಭೂಮಿಯಲ್ಲಿ ಖಲೀಫನನ್ನು ನೇಮಿಸುವ ವಿಷಯ ತಿಳಿದಾಗ ಫರಿಶ್ತೆಗಳು ಪ್ರಶ್ನೆ ಕೇಳಿದರು. ಕೆಡುಕು ಮಾಡುವ, ರಕ್ತ ಹರಿಸುವ ಸೃಷ್ಟಿ ಏಕೆ ಎಂದು ಕೇಳಿದರು. ಅವರಿಗೆ "ಕೂತ್ಕೊಳ್ಳಿ" ಎಂಬ ಉತ್ತರ ಬರಲಿಲ್ಲ. ಆದಮರಿಗೆ ವಸ್ತುಗಳ ಹೆಸರುಗಳನ್ನು ಕಲಿಸಿ, ಅವರಿಂದಲೇ ಹೇಳಿಸಿ ಉತ್ತರ ನೀಡಲಾಯಿತು. ಮನುಷ್ಯನ ಮೊದಲ ಗೌರವ ಕಲಿಕೆಯಿಂದ ಬಂತು. ಆ ಕಲಿಕೆಗೆ ಮೊದಲು ಒಂದು ಪ್ರಶ್ನೆ ಬಂತು. ಈ ಪ್ರಸಂಗವನ್ನು ಎಷ್ಟೋ ಸಲ ಓದಿದ್ದ ನಾನು, ತರಗತಿಯಲ್ಲಿ ಆ ಹುಡುಗನಿಗೆ ಹೇಳಿದ್ದು ನೆನೆದರೆ ಇಂದೂ ನಾಚಿಕೆಯಾಗುತ್ತದೆ.

ಎರಡನೆಯದು ಅಮಾನತ್. ಆಕಾಶಗಳೂ ಭೂಮಿಯೂ ಪರ್ವತಗಳೂ ಹೊರಲು ಹಿಂಜರಿದ ಹೊಣೆಯನ್ನು ಮನುಷ್ಯ ಹೊತ್ತುಕೊಂಡ ವಿಷಯ ಸೂರ ಅಲ್ ಅಹ್‌ಝಾಬ್‌ನ 72ನೇ ಸೂಕ್ತದಲ್ಲಿದೆ. ಆ ಸೂಕ್ತ ಮನುಷ್ಯನ ಹೊಗಳಿಕೆಯಲ್ಲಿ ಮುಗಿಯುವುದಿಲ್ಲ. ಅವನ ಅನ್ಯಾಯ ಮತ್ತು ಅಜ್ಞಾನವನ್ನು ನೆನಪಿಸಿ ಮುಗಿಯುತ್ತದೆ. ಹೊಣೆ ದೊಡ್ಡದು, ಹೊತ್ತವನ ಕೈ ನಡುಗುತ್ತಿದೆ ಎಂದಂತೆ.

ಇಲ್ಮ್ ಮತ್ತು ಅಮಾನತ್ ಎರಡೂ ಬೇರೆಯವರು ಇರುವುದರಿಂದ ಕಡಿಮೆಯಾಗುವುದಿಲ್ಲ, ಇಲ್ಲದಿರುವುದರಿಂದ ಹೆಚ್ಚಾಗುವುದೂ ಇಲ್ಲ. ಬೇರೆಯವರು ಇದ್ದರೆ, ನಮಗಿಂತ ಚೆನ್ನಾಗಿ ಹೊಣೆ ಹೊತ್ತವರು ಇರಬಹುದು ಎಂಬ ವಿನಯ ಬರಬೇಕು. ಯಾರೂ ಇಲ್ಲದಿದ್ದರೆ, ಕಣ್ಣಿಗೆ ಕಾಣುವ ಈ ಇಡೀ ವಿಶ್ವದಲ್ಲಿ ನೋಡಿ ಬೆರಗಾಗಬಲ್ಲ ಜೀವ ಈ ಒಂದೇ ನೆಲದ ಮೇಲಿದೆ ಎಂಬ ಭಯ ಬರಬೇಕು. ಎರಡು ದಾರಿಯಲ್ಲಿ ಹೋದರೂ ಸೇರುವುದು ಒಂದೇ ಊರಿಗೆ.

ನಮ್ಮ ಎರಡು ಭಾಷೆಗಳು

ಈಗ ಉರ್ದು ಕನ್ನಡ ಮೇಷ್ಟ್ರಾಗಿ ಒಂದು ಸಂತೋಷದ ವಿಷಯ ಹೇಳುತ್ತೇನೆ. 1977ರ ಆಗಸ್ಟ್ 20ರಂದು ವೊಯೇಜರ್-2, ಸೆಪ್ಟೆಂಬರ್ 5ರಂದು ವೊಯೇಜರ್-1 ಎಂಬ ಎರಡು ನೌಕೆಗಳನ್ನು ಅಮೆರಿಕ ಹಾರಿಸಿತು. ಅವುಗಳಲ್ಲಿ ಚಿನ್ನದ ಲೇಪ ಹಚ್ಚಿದ 12 ಅಂಗುಲದ ತಾಮ್ರದ ಧ್ವನಿಮುದ್ರಿಕೆಯನ್ನು ಇಟ್ಟರು. ಎಂದಾದರೂ ಯಾರಿಗಾದರೂ ಅದು ಸಿಕ್ಕರೆ ಭೂಮಿಯ ಪರಿಚಯವಾಗಲಿ ಎಂಬುದು ಉದ್ದೇಶ. ವಿಜ್ಞಾನಿ ಕಾರ್ಲ್ ಸೇಗನ್ ಮುಂದಾಳುತನದಲ್ಲಿ ಅದು ಸಿದ್ಧವಾಯಿತು. ಮಳೆ ಗಾಳಿಯ ಸದ್ದು, ಹಕ್ಕಿಗಳ ಕೂಗು, ನಾನಾ ದೇಶಗಳ ಸಂಗೀತ ಅದರಲ್ಲಿವೆ. ನಮ್ಮ ದೇಶದ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಜೊತೆಗೆ 55 ಭಾಷೆಗಳ ಶುಭಾಶಯಗಳಿವೆ. ಆ 55ರಲ್ಲಿ ನಮ್ಮ ಕನ್ನಡವೂ ಇದೆ, ಉರ್ದುವೂ ಇದೆ. ಕನ್ನಡದಲ್ಲಿ ಕನ್ನಡಿಗರ ಪರವಾಗಿ ಶುಭ ಹಾರೈಸಲಾಗಿದೆ. ಉರ್ದುವಿನಲ್ಲಿ ಸಲಾಮ್‌ನಿಂದ ಆರಂಭಿಸಿ ಭೂಮಿಯ ನಿವಾಸಿಗಳ ಪರವಾಗಿ ವಂದಿಸಲಾಗಿದೆ.

ವೊಯೇಜರ್-1 ಈಗ ನಮ್ಮಿಂದ ಸುಮಾರು 2,500 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಮನುಷ್ಯ ನಿರ್ಮಿಸಿದ ವಸ್ತುಗಳಲ್ಲಿ ಅಷ್ಟು ದೂರ ಹೋದದ್ದು ಬೇರೆ ಇಲ್ಲ. 2012ರಲ್ಲಿ ಅದು ಸೂರ್ಯನ ಗಾಳಿಯ ಮೇರೆಯನ್ನು ದಾಟಿ ನಕ್ಷತ್ರಗಳ ನಡುವಿನ ಬಯಲಿಗೆ ಕಾಲಿಟ್ಟಿತು. ಅದು ಇನ್ನೊಂದು ನಕ್ಷತ್ರದ ಸಮೀಪ ಹಾಯುವುದು ಸುಮಾರು 40,000 ವರ್ಷಗಳ ಮೇಲೆ. ಅಲ್ಲಿಯವರೆಗೂ ನಮ್ಮ ಈ ಎರಡು ಭಾಷೆಗಳು ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಕುಳಿತು ಪಯಣಿಸುತ್ತವೆ. ಇಲ್ಲಿ, ಈ ನೆಲದ ಮೇಲೆ, ಉರ್ದು ಯಾರದು, ಕನ್ನಡ ಯಾರದು ಎಂದು ಜಗಳವಾಡುವವರಿದ್ದಾರೆ. ಆ ನೌಕೆ ಯಾರಿಗಾದರೂ ಸಿಕ್ಕರೆ ಅವರಿಗೆ ಎರಡೂ ಒಂದೇ ಮನೆಯ ಮಾತು.

ಅದೇ ನೌಕೆ 1990ರ ಫೆಬ್ರವರಿ 14ರಂದು ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಹಿಂತಿರುಗಿ ಭೂಮಿಯ ಚಿತ್ರ ತೆಗೆಯಿತು. ಚಿತ್ರದಲ್ಲಿ ಭೂಮಿ ಒಂದು ಧೂಳಿನ ಕಣದಷ್ಟು ಚುಕ್ಕಿ. ನಮ್ಮ ಮಕ್ಕಾ ಮದೀನಾ, ನಮ್ಮ ಬೆಂಗಳೂರು ದೆಹಲಿ, ಇಂದಿನವರೆಗೆ ಹುಟ್ಟಿದ ಸಮಸ್ತ ಮಾನವರ ಗೋರಿಗಳು, ಚಿತಾಭೂಮಿಗಳು ಎಲ್ಲವೂ ಆ ಚುಕ್ಕಿಯಲ್ಲೇ ಇವೆ. ಅದರಲ್ಲಿ ಗಡಿ ಗೆರೆಗಳು ಕಾಣುವುದಿಲ್ಲ.

ದೂರದವರು, ಹತ್ತಿರದವರು

ಅಲ್ಲಾಮಾ ಇಕ್ಬಾಲರು 1932ರಲ್ಲಿ ಪ್ರಕಟಿಸಿದ ಜಾವೇದ್‌ನಾಮಾ ಎಂಬ ಫಾರ್ಸಿ ಕಾವ್ಯದಲ್ಲಿ ಮೌಲಾನಾ ರೂಮಿಯವರ ಜೊತೆ ಗ್ರಹಗಳ ಕಾಲ್ಪನಿಕ ಯಾತ್ರೆ ಹೊರಡುತ್ತಾರೆ. ಮಂಗಳ ಗ್ರಹದಲ್ಲಿ ಮರ್ಗದೀನ್ ಎಂಬ ನಗರವನ್ನು ಕಾಣುತ್ತಾರೆ. ಆ ನಗರದಲ್ಲಿ ಭಿಕ್ಷುಕನಿಲ್ಲ, ವಂಚಿತನಿಲ್ಲ, ಒಡೆಯ ಆಳು ಎಂಬ ಭೇದವಿಲ್ಲ. ಕವಿ ಬೇರೆ ಲೋಕವನ್ನು ಕಲ್ಪಿಸಿಕೊಂಡಾಗ ಅಲ್ಲಿ ದೊಡ್ಡ ಯಂತ್ರಗಳನ್ನಿಟ್ಟು ತೃಪ್ತರಾಗಲಿಲ್ಲ, ನ್ಯಾಯವನ್ನು ಇಟ್ಟರು. ಬೇರೆ ಲೋಕದವರು ಹೇಗಿರಬಹುದು ಎಂಬ ಪ್ರಶ್ನೆ ಕೊನೆಗೆ ನಾವು ಹೇಗಿದ್ದೇವೆ ಎಂಬ ಪ್ರಶ್ನೆಯಾಗಿ ನಮ್ಮ ಕಡೆಗೇ ತಿರುಗುತ್ತದೆ.

ನೂರಾರು ಜ್ಯೋತಿರ್ವರ್ಷ ದೂರದವರನ್ನು ಹೇಗೆ ಸ್ವಾಗತಿಸಬೇಕು ಎಂದು ಯೋಚಿಸುವ ನಾವು, ಪಕ್ಕದ ಬೀದಿಯವರ ಹಬ್ಬದ ಹೆಸರು ಕೇಳಿದ್ದೇವೆಯೇ? ಅವರು ನಮ್ಮ ಹಬ್ಬದ ಹೆಸರು ಕೇಳಿದ್ದಾರೆಯೇ? ಜನಾಂಗಗಳನ್ನೂ ಗೋತ್ರಗಳನ್ನೂ ಮಾಡಿದ್ದು ಪರಸ್ಪರ ಪರಿಚಯಕ್ಕಾಗಿ ಎಂಬ ಅರ್ಥ ಸೂರ ಅಲ್ ಹುಜುರಾತ್‌ನ 13ನೇ ಸೂಕ್ತದಲ್ಲಿದೆ. ಪ್ರಾಣಿ ಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಅರ್ಥ ಸೂರ ಅಲ್ ಅನ್‌ಆಮ್‌ನ 38ನೇ ಸೂಕ್ತದಲ್ಲಿದೆ. ಒಂದು ಇರುವೆ ತನ್ನ ಬಳಗವನ್ನು ಎಚ್ಚರಿಸಿದ ಮಾತಿಗೆ ಹಜರತ್ ಸುಲೈಮಾನ್ (ಅ) ಮುಗುಳ್ನಕ್ಕು ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಿದರು. ಇರುವೆಯ ಮಾತಿಗೆ ನಿಂತು ಕಿವಿಗೊಡಬಲ್ಲವನು ನಕ್ಷತ್ರದ ಮಾತಿಗೂ ಸಿದ್ಧನಾಗಿರುತ್ತಾನೆ. ಪಕ್ಕದ ಮನೆಯವನ ಮಾತೇ ಕೇಳದವನಿಗೆ ಬಾನಿನಿಂದ ಸಂದೇಶ ಬಂದರೂ ಪ್ರಯೋಜನವಿಲ್ಲ.

ಕೊನೆಯ ಮಾತು

ವಿದ್ಯಾರ್ಥಿ ಮಿತ್ರರೇ, ಈ ವಿಷಯ ಕೇವಲ ಬೆರಗಿಗಾಗಿ ಅಲ್ಲ. ಇದರಲ್ಲಿ ನಿಮಗೆ ಕೆಲಸವಿದೆ. ಬೆಂಗಳೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯಿದೆ, ಇಸ್ರೋ ಇದೆ. ಗೌರಿಬಿದನೂರಿನಲ್ಲಿ ರೇಡಿಯೋ ದೂರದರ್ಶಕ ಕೇಂದ್ರವಿದೆ. ಪುಣೆಯ ಬಳಿ 30 ಬೃಹತ್ ತಟ್ಟೆಗಳ ರೇಡಿಯೋ ದೂರದರ್ಶಕವಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದನ್ನು ನೀವು ಟಿವಿಯಲ್ಲಿ ನೋಡಿದ್ದೀರಿ. ಅಸ್ಸೂಫಿಯವರೂ ಇಬ್ನ್ ಅಶ್ಶಾತಿರರೂ ನಮ್ಮವರು ಎಂದು ಹೆಮ್ಮೆಪಡುವುದು ಸುಲಭ. ಅವರು ರಾತ್ರಿಯಿಡೀ ಎಚ್ಚರವಿದ್ದು ಆಕಾಶ ಅಳೆದರು. ನಾವು ರಾತ್ರಿಯಿಡೀ ಎಚ್ಚರವಿದ್ದು ಮೊಬೈಲ್ ಉಜ್ಜಿದರೆ ಆ ಹೆಮ್ಮೆಗೆ ಅರ್ಥವಿಲ್ಲ. ಗಣಿತಕ್ಕೆ ಹೆದರಬೇಡಿ. ಹೆಣ್ಣುಮಕ್ಕಳೇ, ಆಕಾಶ ನೋಡಲು ಯಾರ ಅಪ್ಪಣೆಯೂ ಬೇಡ, ಮನೆಯ ತಾರಸಿ ಸಾಕು. ಇಂದು ರಾತ್ರಿಯೇ ಆರಂಭಿಸಿ.

ಶಿಕ್ಷಕ ಬಂಧುಗಳಿಗೂ ಹಜರತರಿಗೂ ಪೋಷಕರಿಗೂ ನನ್ನದೊಂದು ವಿನಂತಿ. ಮಗು ಪ್ರಶ್ನೆ ಕೇಳಿದಾಗ ಅದನ್ನು ಶಾಲೆಯಿಂದ ಮದ್ರಸಾಕ್ಕೆ, ಮದ್ರಸಾದಿಂದ ಮನೆಗೆ ಓಡಾಡಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ, "ಒಳ್ಳೆಯ ಪ್ರಶ್ನೆ, ಇಬ್ಬರೂ ಕೂಡಿ ಹುಡುಕೋಣ" ಎನ್ನಿ. ಅದಕ್ಕೆ ಎರಡು ನಿಮಿಷ ಸಾಕು. ನಾನು ಆ ಎರಡು ನಿಮಿಷ ಕೊಡಲಿಲ್ಲ.

ಆ ಹುಡುಗ ಇಲ್ಲಿದ್ದರೆ ಅವನಿಗೆ ಹೇಳುತ್ತೇನೆ: ಅಂದು ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಕೂರಿಸಿದ್ದು ತಪ್ಪು. ಬಾನಿನಲ್ಲಿ ಬೇರೆಯವರು ಇರಲಿ, ಇಲ್ಲದಿರಲಿ, ನಿನಗೆ ಒಪ್ಪಿಸಿದ ಅಮಾನತ್ ನಿನ್ನ ಕೈಯಲ್ಲೇ ಇದೆ. ಎದ್ದು ನಿಲ್ಲು, ಮತ್ತೆ ಕೇಳು.

ಅಲ್ಲಾಹನು ನಮ್ಮೆಲ್ಲರಿಗೂ ಉಪಯುಕ್ತವಾದ ಇಲ್ಮನ್ನೂ, ಅದನ್ನು ಹೊರುವ ವಿನಯವನ್ನೂ ದಯಪಾಲಿಸಲಿ. ಆಮೀನ್.